ಹುತ್ತರಿಯ ಕದಿರಿಗೆ ಗದ್ದೆ ಉಳಿಯಬೇಕು

ಮಾನ್ಯ ಸಂಪಾದಕರೇ,

ಸುಗ್ಗಿಯ ಹಬ್ಬವಾದ ಹುತ್ತರಿ ಹತ್ತಿರವಾಗುತ್ತಿದ್ದಂತೆ ಕೊಡಗಿನ ಸಂಸ್ಕೃತಿಯನ್ನು ಉಳಿಸಿಕೊಳ್ಳಬೇಕೆಂಬ ಮಾತು ಸಭೆಗಳಲ್ಲಿಯೂ ಪತ್ರಿಕಾ ಹೇಳಿಕೆಗಳಲ್ಲಿಯೂ ಪ್ರತಿ ವರ್ಷ ಕೇಳಿಬರುತ್ತದೆ. ಉಡುಪು, ಭಾಷೆ, ವಾಲಗ, ಕೋಲಾಟಗಳ ಬಗ್ಗೆ ಕಾಳಜಿ ತೋರುವ ನಾವು, ಈ ಹಬ್ಬಕ್ಕೆ ಆಧಾರವಾದ ಭತ್ತದ ಗದ್ದೆಯ ಬಗ್ಗೆ ಅಷ್ಟು ಕಾಳಜಿಯಿಂದ ಮಾತನಾಡುತ್ತಿಲ್ಲ. ಆ ಸಂಕಟದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಕೊಡಗಿನ ಹಬ್ಬಗಳನ್ನು ಸಾಲಾಗಿ ಗಮನಿಸಿದರೆ ಅವು ಭತ್ತದ ಬೇಸಾಯದ ಹೆಜ್ಜೆಗಳನ್ನೇ ಅನುಸರಿಸಿ ಬರುವುದು ಕಾಣುತ್ತದೆ. ಏಪ್ರಿಲ್ ನಡುವೆ ಬರುವ, ಕೊಡವರ ಹೊಸ ವರ್ಷದ ದಿನವಾದ ಎಡಮ್ಯಾರ್ ಒಂದರಂದು ವರ್ಷದ ಮೊದಲ ಉಳುಮೆ. ಆಗಸ್ಟ್ 3ರ ಸುಮಾರಿಗೆ, ನಾಟಿಯ ಕಾಲದಲ್ಲಿ, ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಕಕ್ಕಡ ಹದಿನೆಂಟು. ಮಳೆಯಲ್ಲಿ ನೆನೆದು ಕೆಸರಿನಲ್ಲಿ ದುಡಿದ ಮೈಗೆ ಅಂದು ಮದ್ದುಸೊಪ್ಪಿನ ಪಾಯಸ. ನಾಟಿ ಮುಗಿದು ಕೈಗೆ ಬಿಡುವು ಸಿಕ್ಕ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಆಯುಧಗಳಿಗೆ ಪೂಜೆ ಸಲ್ಲಿಸುವ ಕೈಲ್ ಪೊಳ್ದ್. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಹೊತ್ತಿನಲ್ಲಿ, ತೆನೆ ಕಟ್ಟುವ ಪೈರಿನ ರಕ್ಷಣೆಗೆಂದು ಬಳ್ಳಿ ಸುತ್ತಿದ ಕೋಲನ್ನು ಗದ್ದೆಯಲ್ಲಿ ನೆಡುವ ಪದ್ಧತಿಯೂ ಇದೆ. ಈ ಎಲ್ಲದರ ಕೊನೆಗೆ ಹೊಸ ಅಕ್ಕಿಯ ಹಬ್ಬವಾದ ಹುತ್ತರಿ, ಕೊಡವರ ಮಾತಿನಲ್ಲಿ ಪುತ್ತರಿ.

ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಹುಣ್ಣಿಮೆಯ ಆಸುಪಾಸಿನ ರೋಹಿಣಿ ನಕ್ಷತ್ರವನ್ನು ನೋಡಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಾಡಿನ ಮುಖಂಡರಾದ ತಕ್ಕಮುಖ್ಯಸ್ಥರು ಸೇರಿ ಮುಹೂರ್ತ ನಿಗದಿ ಮಾಡುತ್ತಾರೆ. ಹಲವು ಮರಗಳ ಎಲೆ ಸೇರಿಸಿ ನೆರೆ ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಊಟಕ್ಕೆ ಬೇರೆ ಬೇರೆ ಗಳಿಗೆಗಳಿವೆ. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ, ಅಂದರೆ ಒಂದೇ ಕುಲದವರೆಲ್ಲ ಕೂಡಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪವಿಟ್ಟು, ಕುಲದ ಪೂರ್ವಿಕರಾದ ಗುರುಕಾರಣರನ್ನು ನೆನೆದು, ಬೆಳದಿಂಗಳಲ್ಲಿ ದುಡಿ ಬಾರಿಸುತ್ತ ಗದ್ದೆಗೆ ಇಳಿಯುತ್ತಾರೆ. ಆಕಾಶಕ್ಕೆ ಗುಂಡು ಹಾರಿಸಿ, ಪೈರಿಗೆ ಹಾಲೆರೆದು, ‘ಪೊಲಿ ಪೊಲಿ ದೇವಾ’ (ಹೆಚ್ಚಲಿ, ಹೆಚ್ಚಲಿ ದೇವಾ) ಎಂದು ಕೂಗುತ್ತ ಕೊಯ್ದ ಕದಿರನ್ನು ಮನೆಗೆ ತಂದು ದೀಪಕ್ಕೆ, ಕಂಬಕ್ಕೆ, ಬಾಗಿಲಿಗೆ ಕಟ್ಟುತ್ತಾರೆ. ತಂಬಿಟ್ಟು, ಹೊಸ ಅಕ್ಕಿಯ ಪಾಯಸ, ಹುತ್ತರಿ ಗೆಣಸು ಆ ರಾತ್ರಿಯ ಊಟದಲ್ಲಿರುತ್ತವೆ. ಮುಂದಿನ ದಿನಗಳಲ್ಲಿ ಊರಿನ ಬಯಲುಗಳಾದ ಮಂದ್‌ಗಳಲ್ಲಿ ಕೋಲಾಟ, ಬೆತ್ತದ ಕಾಳಗವಾದ ಪರೆಯಕಳಿ ನಡೆಯುತ್ತವೆ. ಹುತ್ತರಿಯನ್ನು ಆಚರಿಸುವವರು ಕೊಡವರಷ್ಟೇ ಅಲ್ಲ. ಅಮ್ಮಕೊಡವರು, ಹೆಗ್ಗಡೆಯವರು, ಐರಿಗಳು, ಕೆಂಬಟ್ಟಿಯವರು, ಅರೆಭಾಷೆ ಗೌಡರು, ಇನ್ನೂ ಹಲವು ಮೂಲನಿವಾಸಿ ಸಮುದಾಯದವರಿಗೂ ಇದು ಮನೆಯ ಹಬ್ಬ.

ಇಂದು ಸ್ವಂತ ಗದ್ದೆಯಲ್ಲಿ ಬೆಳೆ ಇಡದ ಎಷ್ಟೋ ಮನೆಯವರು ನೆರೆಯವರ ಗದ್ದೆಯಿಂದ ಕದಿರು ತಂದು ಶಾಸ್ತ್ರ ಪೂರೈಸುತ್ತಿದ್ದಾರೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಹುತ್ತರಿಯ ಹೊತ್ತಿಗೇ ಕಾಫಿ ಕೊಯ್ಲೂ ಆರಂಭವಾಗುವುದರಿಂದ ಗದ್ದೆ ಕೆಲಸಕ್ಕೆ ಆಳುಗಳು ಸಿಗುವುದಿಲ್ಲ. ನಾಟಿಗೂ ಕೊಯ್ಲಿಗೂ ತಗಲುವ ಕೂಲಿಯನ್ನು ಲೆಕ್ಕ ಹಾಕಿದರೆ ಭತ್ತದ ಬೆಲೆ ಅದಕ್ಕೆ ಸಾಲದು. ಕಾಡಂಚಿನ ಊರುಗಳಲ್ಲಿ ತೆನೆ ಬಲಿಯುವ ಹೊತ್ತಿಗೆ ಆನೆಗಳ ಹಿಂಡು ಇಳಿದು ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆಯನ್ನು ತುಳಿದು ಹೋಗುತ್ತದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಅನೇಕ ಗದ್ದೆಗಳು ಮಣ್ಣಿನಡಿ ಹೂತುಹೋದದ್ದನ್ನು ಮರೆಯಲಾಗದು. ಹೀಗೆ ಸೋತ ಗದ್ದೆಗಳಲ್ಲಿ ಕೆಲವು ಪಾಳು ಬಿದ್ದಿವೆ, ಕೆಲವು ಶುಂಠಿಗೆ, ಅಡಿಕೆಗೆ ಹೋಗಿವೆ, ಇನ್ನು ಕೆಲವು ಮಣ್ಣು ತುಂಬಿಸಿಕೊಂಡು ನಿವೇಶನಗಳಾಗಿವೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಕೊಡಗಿನ ಬಾಣೆ ಜಮೀನು, ಅಂದರೆ ಗದ್ದೆಯ ಪಕ್ಕದ ಎತ್ತರದ ಭೂಮಿ, ಮೂಲತಃ ಗದ್ದೆಗೆ ಅಂಟಿಕೊಂಡೇ ಬಂದದ್ದು; ಗದ್ದೆಗೆ ಬೇಕಾದ ಸೊಪ್ಪು ಗೊಬ್ಬರಕ್ಕೆ, ಸೌದೆಗೆ, ದನಗಳ ಮೇವಿಗೆ ಎಂದು ಕಂದಾಯವಿಲ್ಲದೆ ಅನುಭವಿಸಲು ಕೊಟ್ಟದ್ದು. ಬಾಣೆಯ ಹಕ್ಕಿಗಾಗಿ ನಾವು ದಶಕಗಳ ಕಾಲ ಹೋರಾಡಿದ್ದೇವೆ, ಅದು ನ್ಯಾಯವೇ. ಆದರೆ ಬಾಣೆಯಲ್ಲಿ ಕಾಫಿ ನಳನಳಿಸುತ್ತಿರುವಾಗ ಅದಕ್ಕೆ ಮೂಲವಾದ ಗದ್ದೆ ಕಳೆ ಬೆಳೆದು ನಿಂತಿರುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಕಣಿವೆಯ ತಗ್ಗಿನಲ್ಲಿರುವ ಈ ಗದ್ದೆಗಳು ಮಳೆಗಾಲದ ನೀರನ್ನು ತಡೆದು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತವೆ. ಕಾವೇರಿಯನ್ನು ನಂಬಿರುವ ಕೆಳಗಿನ ಜಿಲ್ಲೆಗಳವರಿಗೂ ಇದರಲ್ಲಿ ಪಾಲಿದೆ.

ನೆರೆಯ ಕೇರಳ 2008ರಲ್ಲಿಯೇ ಭತ್ತದ ಗದ್ದೆ ಮತ್ತು ಜೌಗು ಪ್ರದೇಶಗಳ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆ ತಂದಿತು. 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯ ಗೌರವಧನವನ್ನೂ ಆರಂಭಿಸಿತು. ಮೊತ್ತ ಸಣ್ಣದು, ಆದರೆ ಗದ್ದೆ ಉಳಿಸಿದವನು ನಾಡಿಗೆ ಉಪಕಾರ ಮಾಡುತ್ತಿದ್ದಾನೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ನಮ್ಮಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಭೂಮಿಯ ಪರಿವರ್ತನೆಗೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಹಾಗೆ ಅನುಮತಿ ಕೊಡುವಾಗ ಅರ್ಜಿದಾರರ ಒಂದು ತುಂಡು ಜಮೀನನ್ನಷ್ಟೇ ನೋಡದೆ, ಅದಕ್ಕೆ ಹೊಂದಿಕೊಂಡ ಇಡೀ ಗದ್ದೆ ಬಯಲಿನ ನೀರಿನ ಹರಿವನ್ನು ಪರಿಶೀಲಿಸಬೇಕು. ಮೇಲಿನ ಒಂದು ಗದ್ದೆಗೆ ಮಣ್ಣು ತುಂಬಿದರೆ ಕೆಳಗಿನವರ ಬೇಸಾಯವೂ ಕೆಡುತ್ತದೆ. ಭತ್ತ ಬೆಳೆಯುವ ಮಲೆನಾಡಿನ ರೈತರಿಗೆ ಎಕರೆವಾರು ಪ್ರೋತ್ಸಾಹಧನವನ್ನು ನಾಟಿಗೆ ಮುಂಚೆಯೇ ಕೊಡುವಂತಾಗಲಿ. ಆನೆಯಿಂದಾದ ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗಾದರೂ ಕೈಸೇರಲಿ.

ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸುವುದೂ ಸರಿಯಲ್ಲ. ಐನ್‌ಮನೆಗಳ ಜೀರ್ಣೋದ್ಧಾರಕ್ಕೆ ಊರು ಬಿಟ್ಟು ಹೋದವರೂ ಪ್ರೀತಿಯಿಂದ ಹಣ ಕೂಡಿಸುತ್ತಿರುವುದು ಸಂತೋಷದ ವಿಷಯ. ಅದೇ ಪ್ರೀತಿಯಲ್ಲಿ ಒಂದು ಪಾಲನ್ನು ಐನ್‌ಮನೆಯ ಮುಂದಿನ ಗದ್ದೆಗೂ ಎತ್ತಿಡಬೇಕೆಂದು ನನ್ನ ಬಿನ್ನಹ. ಇಡೀ ಬಯಲನ್ನು ಬೆಳೆಯಲಾಗದಿದ್ದರೆ ಒಂದೆರಡು ಮಡಿಯನ್ನಾದರೂ ಒಕ್ಕದವರು ಕೂಡಿ ನಾಟಿ ಮಾಡಬಹುದು. ಬೆಂಗಳೂರು, ಮೈಸೂರಿನಿಂದ ಹುತ್ತರಿಗೆ ಮಾತ್ರ ಬರುವ ಮಕ್ಕಳು ಜುಲೈ, ಆಗಸ್ಟ್‌ನಲ್ಲಿ ಎರಡು ದಿನ ಬಂದು ಕೆಸರಿಗೆ ಇಳಿಯಲಿ. ನಾಟಿಯ ಕೊನೆಯಲ್ಲಿ ದೊಡ್ಡ ಗದ್ದೆಯಲ್ಲಿ ನಡೆಯುತ್ತಿದ್ದ ನಾಟಿ ಓಟಕ್ಕೂ ಆಗ ಮತ್ತೆ ಜೀವ ಬಂದೀತು. ಹಬ್ಬದ ಕಾರ್ಯಕ್ರಮಗಳಿಗೆ ಅನುದಾನ ನೀಡುವ ಅಕಾಡೆಮಿಗಳೂ ಇಲಾಖೆಗಳೂ ವೇದಿಕೆಯ ಖರ್ಚಿನ ಜೊತೆಗೆ, ಈಗಲೂ ಭತ್ತ ಬೆಳೆದು ಊರಿಗೆಲ್ಲ ಕದಿರು ಒದಗಿಸುತ್ತಿರುವ ರೈತರಿಗೂ ಆ ಅನುದಾನದಲ್ಲಿ ಪಾಲು ಕೊಡಲಿ. ಮುಂದಿನ ಹುತ್ತರಿಯ ದಿನ ನಿಗದಿಯಾಗುವ ಮೊದಲೇ ಈ ಬಗ್ಗೆ ತೀರ್ಮಾನಿಸಬೇಕೆಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಓರ್ವ ಓದುಗ, ವಿರಾಜಪೇಟೆ ತಾಲ್ಲೂಕು