ಉಬ್ಬರ ಇಳಿಯುವವರೆಗೆ: ಯುವ ಬರಹಗಾರನಿಗೊಂದು ಪತ್ರ

ಚಿ. ತಮ್ಮನಿಗೆ, ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕಾದಂಬರಿಯ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ತಡವಾಯಿತೆಂದು ಬೇಸರಿಸಬೇಡ, ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. 1288ರಲ್ಲಿ ವಿಯೆಟ್ನಾಮಿನ ಬಾಕ್ ದಾಂಗ್ ನದಿಯಲ್ಲಿ ಮಂಗೋಲರ ನೌಕಾಪಡೆ ನಾಶವಾದ ಕಥೆಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕುಂದಾಪುರದ ಹುಡುಗನೊಬ್ಬನಿಗೆ ಅನ್ನಿಸಿತಲ್ಲ, ಅದೇ ನನಗೆ ಖುಷಿ. "ಯುದ್ಧದ ಅಧ್ಯಾಯ ಸಪ್ಪೆಯಾಗಿದೆಯೇ?" ಎಂದು ಕೇಳಿದ್ದೀಯ. ಸಪ್ಪೆಯಾಗಿಲ್ಲ. ಮನೆಯಲ್ಲಿದ್ದ ಉಪ್ಪು ಖಾರವನ್ನೆಲ್ಲ ಅದೊಂದಕ್ಕೇ ಸುರಿದಿದ್ದೀಯ, ಮಿಕ್ಕ ಅಧ್ಯಾಯಗಳಿಗೆ ಚಿಟಿಕೆಯೂ ಉಳಿದಿಲ್ಲ. ನನ್ನ ತಕರಾರು ಅಷ್ಟೇ.

ಮೊದಲು ಹೆಸರುಗಳು. 'ಎನ್‌ಗುಯೆನ್', 'ಎನ್‌ಗೋ' ಎಂದು ಬರೆದಿದ್ದೀಯ. ಶಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಜೀವಮಾನವಿಡೀ ಮೂಲೆಗೆ ಹಾಕಿದ ಙ ಎಂಬ ಅಕ್ಷರ ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದೆ. ಅದಕ್ಕೆ ಕೆಲಸ ಕೊಡು. ಙುಯೆನ್, ಙೋ. ಇಂಗ್ಲಿಷಿನವರಿಗೆ ನಾಲಿಗೆ ಹೊರಳದಿದ್ದರೆ ಅದು ಅವರ ಪಾಡು, ನಮಗೇಕೆ ಆ ಬಡತನ?

ಈಗ ನದಿಗೆ ಬರೋಣ. ಯುದ್ಧದ ದಿನ ಬೆಳಿಗ್ಗೆ ಒಂದು ಉಬ್ಬರ, ಸಂಜೆ ಇನ್ನೊಂದು ಉಬ್ಬರ ತಂದಿದ್ದೀಯ. ಅದು ನಿನ್ನ ಊರಿನ ಕಡಲು ತಮ್ಮಾ, ಅವರದ್ದಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಬಾಕ್ ದಾಂಗ್ ಸೇರುವ ಟೊಂಕಿನ್ ಕೊಲ್ಲಿಯಲ್ಲಿ ಏರುವುದೂ ಇಳಿಯುವುದೂ ದಿನಕ್ಕೆ ಒಂದೇ ಸಲ. ಇದು ಸಣ್ಣ ತಪ್ಪಲ್ಲ, ನಿನ್ನ ಕಥೆಯ ಬುಡವೇ ಇದು. ನೀರು ತುಂಬಿದಾಗ ಚಿಕ್ಕ ದೋಣಿಗಳು ಹೋಗಿ ಕೆಣಕಬೇಕು, ಸೋತಂತೆ ಓಡಿಬರಬೇಕು, ಶತ್ರುವಿನ ದೊಡ್ಡ ಹಡಗುಗಳು ನದಿಯ ತಳದಲ್ಲಿ ಹೂತಿಟ್ಟ ಗೂಟಗಳ ಮೇಲೆ ಬಂದು ನಿಲ್ಲುವ ಹೊತ್ತಿಗೆ ನೀರು ಇಳಿಯುತ್ತಿರಬೇಕು. ಲೆಕ್ಕ ತಪ್ಪಿದರೆ ಇನ್ನೊಂದು ಉಬ್ಬರಕ್ಕೆ ಮರುದಿನದವರೆಗೆ ಕಾಯಬೇಕು, ಶತ್ರು ಕಾಯುವುದಿಲ್ಲ. ಹಾಗಾದರೆ ಆ ಏಪ್ರಿಲ್ 9ರಂದು ನೀರು ಯಾವಾಗ ತಿರುಗುತ್ತದೆಂದು ಖಚಿತವಾಗಿ ಗೊತ್ತಿದ್ದವರು ಯಾರು? ಯೆನ್ ಜಾಂಗ್ ಎಂಬಲ್ಲಿ 'ವುವಾ ಬಾ' ಎಂಬ ಗುಡಿಯಿದೆ. ದೋಣಿಗಟ್ಟೆಯಲ್ಲಿ ಚಹಾ ಮಾರುತ್ತಿದ್ದ ಮುದುಕಿಯೊಬ್ಬಳು ಸೇನಾಪತಿ ತ್ರಾನ್ ಹುಂಗ್ ದಾವ್‌ಗೆ ನೀರಿನ ವೇಳೆ ಹೇಳಿಕೊಟ್ಟಳು, ಆ ಗುಡಿ ಅವಳದ್ದು ಎನ್ನುತ್ತದೆ ಅಲ್ಲಿನ ಐತಿಹ್ಯ. ನಿನ್ನ ಮುನ್ನೂರು ಪುಟದಲ್ಲಿ ಅವಳಿಗೆ ಒಂದು ಸಾಲೂ ಇಲ್ಲ.

ಗೂಟಗಳಿಗೆ ಕಬ್ಬಿಣದ ಮೊನೆ ತೊಡಿಸಿದ್ದೀಯ. ಅದು 938ರ ಕಥೆ. ಙೋ ಕ್ವೆನ್ ಎಂಬವನು ಇದೇ ನದಿಯಲ್ಲಿ ಇದೇ ಉಪಾಯದಿಂದ ಚೀನಾದ ದಕ್ಷಿಣ ಹಾನ್ ಅರಸನ ಮಗನ ಹಡಗುಗಳನ್ನು ಮುಳುಗಿಸಿದ್ದು, ಆಗ ಗೂಟಗಳಿಗೆ ಕಬ್ಬಿಣ ಹೊದಿಸಿದ್ದರೆಂದು ಚರಿತ್ರೆಯಲ್ಲಿ ಬರುತ್ತದೆ. ಮುನ್ನೂರೈವತ್ತು ವರ್ಷ ಹಳೆಯ ಉಪಾಯವನ್ನು ಹುಂಗ್ ದಾವ್ ಮತ್ತೆ ಬಳಸಿದ. 1953ರಲ್ಲಿ ಯೆನ್ ಜಾಂಗ್‌ನ ಕೆಸರಿನಲ್ಲಿ ಸಿಕ್ಕ ಗೂಟಗಳು ಬರೀ ಮರ. ಲಿಮ್ ಎಂಬ ಗಟ್ಟಿ ಮರವೇ ಹೆಚ್ಚು, ಎರಡೂವರೆ ಮೀಟರಿಗೂ ಉದ್ದ. ಕೊಡಲಿಯಿಂದ ಕೆತ್ತಿ ಚೂಪು ಮಾಡಿದ್ದು ಕೆಸರಿಗೆ ಇಳಿಯುವ ಕೆಳತುದಿಯನ್ನು. ಆ ಕೊಡಲಿಯ ಏಟಿನ ಗುರುತು ಇನ್ನೂ ಕಾಣುತ್ತದೆ. ಒಂದು ಮರ ಕಡಿದು, ಕಾಡಿನಿಂದ ಹೊಳೆಗೆ ಎಳೆದು, ತೇಲಿಸಿ ತಂದು, ಇಳಿತದ ಕೆಸರಿನಲ್ಲಿ ಎದೆಮಟ್ಟ ನಿಂತು ಹೂಳಲು ಎಷ್ಟು ಜನ ಬೇಕು, ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡು. ನೀನು ಅದನ್ನು "ರಾತ್ರೋರಾತ್ರಿ ಗೂಟಗಳು ಎದ್ದು ನಿಂತವು" ಎಂದು ಒಂದು ವಾಕ್ಯದಲ್ಲಿ ಮುಗಿಸಿದ್ದೀಯ. ಕೆತ್ತಿದವನ ಅಂಗೈಯ ಬೊಬ್ಬೆ ಬೇಕು ನನಗೆ.

ಭಾಷಣಗಳ ವಿಷಯ. ಹುಂಗ್ ದಾವ್ ತನ್ನ ಸೇನಾನಾಯಕರಿಗೆ ಬರೆದ ಓಲೆ ನಿಜವಾಗಿಯೂ ಉಳಿದುಬಂದಿದೆ, ಸೈನಿಕರು ತೋಳಿನ ಮೇಲೆ 'ತಾತಾರರನ್ನು (ಅಂದರೆ ಮಂಗೋಲರನ್ನು) ಕೊಲ್ಲು' ಎಂದು ಎರಡಕ್ಷರ ಹಚ್ಚೆ ಹಾಕಿಸಿಕೊಂಡದ್ದೂ ನಿಜ. ಹಾಗೆಂದು ಪ್ರತಿ ಪಾತ್ರವೂ ಬಾಯಿಬಿಟ್ಟರೆ ಘೋಷಣೆಯೇ ಬರಬೇಕೇ? ನನ್ನ ಮೊದಲ ಐತಿಹಾಸಿಕ ಕಾದಂಬರಿಯಲ್ಲಿ ರಾಜ ಕುದುರೆಸವಾರರ ಮುಂದೆ ಮೂರು ಪುಟ ಮಾತಾಡಿದ್ದ. ನಿವೃತ್ತ ಮೇಷ್ಟ್ರೊಬ್ಬರು ಕಾರ್ಡು ಬರೆದರು: "ಸ್ವಾಮಿ, ಅಷ್ಟು ಹೊತ್ತು ಕುದುರೆಗಳು ಸುಮ್ಮನಿದ್ದವೇ?" ಆ ಕಾರ್ಡು ಇಂದಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ.

1285ರ ದಂಡಯಾತ್ರೆಗೆ ಮಂಗೋಲರ ಐದು ಲಕ್ಷ ಸೈನ್ಯ ಬಂತೆಂದು ವಿಯೆಟ್ನಾಮೀಯರ ಚರಿತ್ರೆ ಹೇಳುತ್ತದೆ, ನೀನೂ ಹಾಗೆಯೇ ಬರೆದಿದ್ದೀಯ. ತಲೆಗೆ ಅರ್ಧ ಕಿಲೋ ಅಕ್ಕಿ ಎಂದರೂ ದಿನಕ್ಕೆ 2,500 ಕ್ವಿಂಟಲ್ ಆಯಿತು. ಅದನ್ನು ಹೊತ್ತು ತಂದವರು ಯಾರು? ಈ ಪ್ರಶ್ನೆ ಕೇಳಿದ ಕ್ಷಣ ನಿನಗೆ ಯುದ್ಧದ ಒಳಗುಟ್ಟು ಸಿಗುತ್ತದೆ. 1258, 1285, 1288, ಮೂರು ಸಲವೂ ಮಂಗೋಲರು ರಾಜಧಾನಿ ಥಾಂಗ್ ಲಾಂಗ್, ಅಂದರೆ ಇಂದಿನ ಹನೋಯ್, ಹೊಕ್ಕರು. ಮೂರು ಸಲವೂ ಅದು ಖಾಲಿ. "ಬರಿದು ತೋಟ, ಬರಿದು ಮನೆ" ಎಂಬ ಅರ್ಥದ ಮಾತು ವಿಯೆಟ್ನಾಮೀಯರಲ್ಲಿ ಇಂದಿಗೂ ನಾಣ್ಣುಡಿಯಂತೆ ನಿಂತಿದೆ. ರಾಜಧಾನಿಯನ್ನೇ ಬಿಟ್ಟು ಹೋಗುವ ಆ ರಾತ್ರಿಯನ್ನು ಬರೆ. ಕಣಜ ಬರಿದು ಮಾಡುವವಳು ಬಿತ್ತನೆ ಭತ್ತವನ್ನು ಏನು ಮಾಡಿದಳು? ಒಯ್ದಳೇ, ಹೂತಳೇ, ಸುಟ್ಟಳೇ? ಬಾಕ್ ದಾಂಗ್‌ನಲ್ಲಿ ಮುಳುಗುವ ಮೊದಲೇ ಆ ಪಡೆ ಹೊಟ್ಟೆಗಿಲ್ಲದೆ ಹಿಂದಿರುಗುತ್ತಿತ್ತು. ಅಕ್ಕಿ ಹೊತ್ತ ಹಡಗುಗಳು ವಾನ್ ದೋನ್ ದ್ವೀಪಗಳ ಬಳಿಯೇ ನಾಶವಾಗಿದ್ದವು.

ಆ ಹಡಗುಗಳನ್ನು ಮುಳುಗಿಸಿದ ತ್ರಾನ್ ಖಾಞ್ ಜುವನ್ನು ನೀನು ಎರಡೇ ಪ್ಯಾರಾದಲ್ಲಿ ದಾಟಿಸಿದ್ದು ನೋಡಿ ಹೊಟ್ಟೆ ಉರಿಯಿತು. ನಿನ್ನ ಇಡೀ ಪುಸ್ತಕದ ಅತಿ ಜೀವಂತ ಮನುಷ್ಯ ಅವನು. ರಾಜವಂಶದವನು, ಹೆಣ್ಣಿನ ವಿಷಯದಲ್ಲಿ ಸಿಕ್ಕಿಬಿದ್ದು ಪದವಿ ಕಳೆದುಕೊಂಡು ಇದ್ದಿಲು ಮಾರುತ್ತಿದ್ದ. 1282ರಲ್ಲಿ ರಾಜ ಬಿಞ್ ಥಾನ್ ಎಂಬಲ್ಲಿ ಯುದ್ಧದ ಸಭೆ ಕರೆದಾಗ ಹೊಳೆಯಲ್ಲಿ ಇದ್ದಿಲು ತುಂಬಿದ ದೋಣಿಯೊಂದು ಹೋಗುತ್ತಿತ್ತು. ಎಲೆಟೋಪಿ, ಗಿಡ್ಡ ಅಂಗಿ ತೊಟ್ಟ ಅಂಬಿಗ. "ಅವನೇ ಅಲ್ಲವೇ?" ಎಂದು ರಾಜ ಆಳನ್ನು ಅಟ್ಟಿದ. "ನಾನು ವ್ಯಾಪಾರ ಮಾಡುವ ಮುದುಕ, ನನ್ನಿಂದ ಏನಾಗಬೇಕು?" ಎಂಬ ಉತ್ತರ ಬಂತು. ಸಾಮಾನ್ಯನಾದರೆ ಹೀಗೆ ಮಾತಾಡುವ ಧೈರ್ಯ ಮಾಡುತ್ತಿರಲಿಲ್ಲ, ಅವನೇ ಇವನು, ಎಂದ ರಾಜ. ಕರೆಸಿ ಪದವಿ ಮರಳಿಸಿದ. 1288ರಲ್ಲಿ ವಾನ್ ದೋನ್‌ನಲ್ಲಿ ಈತ ಮೊದಲು ಸೋತ. ಬಂಧಿಸಲು ಬಂದವರ ಬಳಿ ಎರಡು ಮೂರು ದಿನ ಸಮಯ ಬೇಡಿದ, ಅಷ್ಟರಲ್ಲಿ ಅಕ್ಕಿಯ ಹಡಗುಗಳನ್ನು ಮುಳುಗಿಸಿದ. ಇಷ್ಟಾದರೆ ಸಿನಿಮಾ ನಾಯಕ. ಆದರೆ ಇದೇ ಮಹಾನುಭಾವ, ವಾನ್ ದೋನ್‌ನವರ ಉಡುಗೆ ಉತ್ತರದ ಚೀನೀಯರಂತಿದೆ, ಶತ್ರು ಯಾರು ನಮ್ಮವರು ಯಾರು ತಿಳಿಯುವುದಿಲ್ಲ, ಆದ್ದರಿಂದ ಮಾ ಲೋಯ್ ಊರಿನ ಟೋಪಿಯನ್ನೇ ಹಾಕಬೇಕು ಎಂದು ಅಪ್ಪಣೆ ಹೊರಡಿಸಿದ. ಆ ಟೋಪಿಗಳನ್ನು ತನ್ನ ಜನರಿಂದ ಮೊದಲೇ ಕೊಂಡು ತುಂಬಿಸಿಟ್ಟಿದ್ದ. ಒಂದು ಟೋಪಿಗೆ ಒಂದು ಥಾನು ಬಟ್ಟೆ. ಜನರು ದೂರು ಕೊಟ್ಟಾಗ, ಸೇನಾಪತಿ ಗಿಡುಗ, ಜನ ಬಾತುಕೋಳಿ, ಗಿಡುಗಕ್ಕೆ ಬಾತುಕೋಳಿ ತಿನ್ನಿಸುವುದರಲ್ಲಿ ವಿಚಿತ್ರವೇನು ಎಂದನಂತೆ. ಅವನನ್ನು ತೊಳೆದು ಶುಭ್ರ ಮಾಡಲು ಹೋಗಬೇಡ. ದೇಶ ಉಳಿಸಿದ್ದೂ ಅವನೇ, ಟೋಪಿ ಹಾಕಿದ್ದೂ ಅವನೇ. (ಕನ್ನಡದಲ್ಲಿ ಆ ಮಾತಿಗಿರುವ ಎರಡನೆಯ ಅರ್ಥ ಇಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಬಿಡಬೇಡ.)

ಅದೇ ಬಿಞ್ ಥಾನ್ ಸಭೆಗೆ ಎಳೆಯ ವಯಸ್ಸೆಂದು ರಾಜವಂಶದ ಹುಡುಗ ತ್ರಾನ್ ಕ್ವೊಕ್ ತ್ವಾನ್‌ನನ್ನು ಒಳಗೆ ಬಿಡಲಿಲ್ಲ. ಕೈಯಲ್ಲಿದ್ದ ಕಿತ್ತಳೆ ಹಣ್ಣು ಯಾವಾಗ ಹಿಸುಕಿಹೋಯಿತೆಂದು ಅವನಿಗೇ ಗೊತ್ತಾಗಲಿಲ್ಲ. ನೀನು ಕಿತ್ತಳೆಯ ರಸವನ್ನು ನೆತ್ತರಿಗೆ ಹೋಲಿಸಿದ್ದೀಯ. ತೆಗೆದುಹಾಕು. ಬೆರಳ ಸಂದಿಯಲ್ಲಿ ರಸ ಇಳಿದು ಅಂಗೈ ಅಂಟಂಟಾಯಿತು, ಸಿಪ್ಪೆಯ ಘಾಟು ಸಂಜೆಯವರೆಗೂ ಹೋಗಲಿಲ್ಲ. ಹುಡುಗನ ಅವಮಾನ ಅಲ್ಲಿಯೇ ಇದೆ.

ಹುಂಗ್ ದಾವ್‌ನನ್ನು ನೀನು ಕಲ್ಲಿನ ವಿಗ್ರಹ ಮಾಡಿದ್ದೀಯ. ಅವನ ಮನೆಯೊಳಗಿನ ಹುಣ್ಣನ್ನು ಮುಟ್ಟಲೇ ಇಲ್ಲ. ಅವನ ತಂದೆಯ ಗರ್ಭಿಣಿ ಹೆಂಡತಿಯನ್ನು ಕಿತ್ತು 1237ರಲ್ಲಿ ಆ ತಂದೆಯ ತಮ್ಮನೇ ಆದ ರಾಜನಿಗೆ ಕಟ್ಟಿದ್ದರು. ತಂದೆ ಸಾಯುವಾಗ ಮಗನಿಗೆ ಹೇಳಿದ್ದು, ಸಿಂಹಾಸನ ಕಿತ್ತುಕೋ, ಇಲ್ಲದಿದ್ದರೆ ನಾನು ಕಣ್ಣು ಮುಚ್ಚಲಾರೆ, ಎಂದು. ಮಗ ಕಿತ್ತುಕೊಳ್ಳಲಿಲ್ಲ. ಆದರೆ ಈ ಮಾತು ಗೊತ್ತಿದ್ದವರು ನಂಬುತ್ತಾರೆಯೇ? ಯುದ್ಧದ ನಡುವೆ ರಾಜನ ಪಕ್ಕದಲ್ಲಿರುವಾಗ ಅವನ ಕೈಯಲ್ಲಿ ಕಬ್ಬಿಣದ ಮೊನೆಯ ಊರುಗೋಲು ಇತ್ತು. ಸುತ್ತಲಿನವರು ಅದನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು. ಅವನು ಏನೂ ಹೇಳದೆ ಮೊನೆಯನ್ನು ಕಿತ್ತೆಸೆದು ಬರೀ ಕೋಲನ್ನು ಊರಿಕೊಂಡು ನಡೆದ. ಗೂಟಗಳಿಗೆ ನೀನು ತೊಡಿಸಿದ ಕಬ್ಬಿಣವನ್ನೆಲ್ಲ ತೆಗೆದು ಇಲ್ಲಿ ಇಡು, ಒಂದೇ ಒಂದು ಮೊನೆ ಸಾಕು.

ಅವನ ಮನೆಯಾಳು ಯೆತ್ ಕಿಯೆವ್‌ನನ್ನೂ ಮರೆಯಬೇಡ. 1285ರಲ್ಲಿ ಸೈನ್ಯ ಚದುರಿ ಹೋದಾಗ, ಒಡೆಯ ಬರದೆ ದೋಣಿ ಬಿಡುವುದಿಲ್ಲವೆಂದು ಬಾಯ್ ತಾನ್ ದಡದಲ್ಲಿ ಒಬ್ಬನೇ ಕಾದು ನಿಂತಿದ್ದ. ಹಕ್ಕಿ ಎತ್ತರಕ್ಕೆ ಹಾರುವುದು ಆರು ಗರಿಗಳ ಬಲದಿಂದ, ಅವಿಲ್ಲದಿದ್ದರೆ ಅದೂ ಎಲ್ಲ ಹಕ್ಕಿಗಳಂತೆಯೇ, ಎಂದು ಹುಂಗ್ ದಾವ್ ಹೇಳಿದ್ದು ಆಗ. ಆ ಮಾತನ್ನು ನೀನು ಅರಮನೆಯ ಔತಣದಲ್ಲಿ ಆಡಿಸಿದ್ದೀಯ! ಅದು ಖಾಲಿ ದಡದ ಮಾತು. ಕತ್ತಲಾಗುತ್ತಿದೆ, ಮಿಕ್ಕ ದೋಣಿಗಳೆಲ್ಲ ಹೋಗಿವೆ, ಹಗ್ಗ ಇನ್ನೂ ಗೂಟದಲ್ಲೇ ಇದೆ. ಅಲ್ಲಿ ಇಡು.

ಆಧಾರಗಳು ತೀರ ಕಡಿಮೆ ಎಂದು ಗೋಳಾಡಿದ್ದೀಯ. ಯಾಕೆ ಕಡಿಮೆ ಎಂಬುದೇ ಒಂದು ಕಥೆ. 1406ರಲ್ಲಿ ಮಿಂಗ್ ಚಕ್ರವರ್ತಿ ಯೊಂಗ್‌ಲೆ ಆ ದೇಶಕ್ಕೆ ದಂಡು ಕಳಿಸುವಾಗ ಅಲ್ಲಿಯ ಪುಸ್ತಕಗಳನ್ನು ಸುಡಲು, ಅಲ್ಲಿಯವರು ನಿಲ್ಲಿಸಿದ ಶಾಸನಗಳನ್ನು ಒಡೆಯಲು ಅಪ್ಪಣೆ ಕೊಟ್ಟ. 1272ರಲ್ಲಿ ಲೇ ವಾನ್ ಹುವು ಬರೆದ ಚರಿತ್ರೆ ಉಳಿಯಲಿಲ್ಲ. ನೀನು ನೆಚ್ಚಿಕೊಂಡಿರುವ ಙೋ ಸಿ ಲಿಯೆನ್‌ನ ಗ್ರಂಥ ಮುಗಿದದ್ದು 1479ರಲ್ಲಿ, ಯುದ್ಧವಾಗಿ ಸುಮಾರು ಇನ್ನೂರು ವರ್ಷದ ಮೇಲೆ. ಅದಕ್ಕಿಂತ ಹಳೆಯದೊಂದು ಉಳಿದಿದೆ: ಲೇ ತಾಕ್ ಬರೆದದ್ದು. ಅವನು 1285ರಲ್ಲಿ ತನ್ನ ಒಡೆಯನ ಜೊತೆ ಮಂಗೋಲರ ಕಡೆ ಸೇರಿದವನು. ಒಡೆಯ ದಾರಿಯಲ್ಲಿ ಹೊಂಚುದಾಳಿಗೆ ಸಿಕ್ಕಿ ಸತ್ತ, ಇವನು ಚೀನಾ ಸೇರಿ ಅಲ್ಲಿಯೇ ಮುದುಕನಾದ, ಅಲ್ಲಿ ಕೂತು ತಾನು ಬಿಟ್ಟು ಬಂದ ನಾಡಿನ ವಿವರಗಳನ್ನೆಲ್ಲ ಬರೆದಿಟ್ಟ. ಅವನನ್ನು ಓದು. ಪಕ್ಷಾಂತರ ಮಾಡಿದವನಿಗೂ ಊರು ಕನಸಿನಲ್ಲಿ ಬರುತ್ತದೆ.

ದಕ್ಷಿಣದ ನೆರೆಯ ಚಂಪಾ ರಾಜ್ಯದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಇಂದ್ರವರ್ಮ, ವಿಜಯ, ಮಿ ಸೊನ್‌ನ ಶಿವಾಲಯಗಳು, ಈ ಹೆಸರುಗಳು ಕಂಡ ಕೂಡಲೇ ನಮ್ಮ ಓದುಗ ನೆಂಟರು ಸಿಕ್ಕಂತೆ ಹಿಗ್ಗುತ್ತಾನೆ, ನೀನೂ ಹಿಗ್ಗಿದ್ದೀಯ. 1283ರಲ್ಲಿ ಅವರೂ ಬೆಟ್ಟಕ್ಕೆ ಸರಿದು ಮಂಗೋಲರನ್ನು ಸತಾಯಿಸಿದವರೇ. ಆದರೆ 1471ರಲ್ಲಿ ಆ ವಿಜಯ ನಗರಿಯನ್ನು ಕೆಡವಿದ್ದು ನಿನ್ನ ವೀರರ ದಾಯ್ ವಿಯೆತ್ ರಾಜ್ಯವೇ. ಕಾದಂಬರಿಯಲ್ಲಿ ಅದು ಬರಬೇಕಾಗಿಲ್ಲ. ಬರೆಯುವಾಗ ನಿನ್ನ ತಲೆಯಲ್ಲಿದ್ದರೆ ಸಾಕು, ದನಿ ತಾನಾಗಿ ತಗ್ಗುತ್ತದೆ. ಹಾಗೆಯೇ ಅಧ್ಯಾಯ ಒಂಬತ್ತರಲ್ಲಿ ಓಬವ್ವನನ್ನು ಎಳೆತಂದಿದ್ದೀಯ. ಅವಳನ್ನು ಚಿತ್ರದುರ್ಗದಲ್ಲಿ ನೆಮ್ಮದಿಯಾಗಿರಲು ಬಿಡು.

ಕೊನೆಯ ಅಧ್ಯಾಯ ಪೂರ್ತಿ ಬದಲಾಗಬೇಕು. ಸೆರೆಸಿಕ್ಕ ಮಂಗೋಲ್ ನೌಕಾಧಿಪತಿ ಒಮರ್‌ನನ್ನು ಗೌರವದಿಂದ ಕಳಿಸಿಕೊಟ್ಟರೆಂದು ಮುಗಿಸಿದ್ದೀಯ. ಮುಂದಿನ ವರ್ಷ ಅವನನ್ನು ಹಡಗು ಹತ್ತಿಸಿದ್ದು ನಿಜ. ಚೆನ್ನಾಗಿ ಈಜು ಬಲ್ಲವರನ್ನೇ ಅಂಬಿಗರನ್ನಾಗಿ ಕಳಿಸಿ, ರಾತ್ರಿ ಹಡಗಿನ ತಳ ಕೊರೆಸಿ ಮುಳುಗಿಸಿದರೆಂದು ಅವರದೇ ಚರಿತ್ರೆ ಮುಚ್ಚುಮರೆಯಿಲ್ಲದೆ ಬರೆದಿದೆ. ಅವರು ಮುಚ್ಚಿಡದ್ದನ್ನು ನೀನೇಕೆ ಮುಚ್ಚುತ್ತೀಯ?

ಇನ್ನೊಂದು ಸಂಗತಿ ಅದೇ 1289ರದ್ದು. ಯುದ್ಧದ ಮೊದಲು ದಿಯೆನ್ ಹೋಂಗ್ ಸಭಾಂಗಣದಲ್ಲಿ ನಾಡಿನ ಹಿರಿಯರೆಲ್ಲ ಒಂದೇ ಬಾಯಿಂದ "ಯುದ್ಧ" ಎಂದರು, ಅದನ್ನು ಹನ್ನೆರಡು ಪುಟ ಬರೆದಿದ್ದೀಯ. ಯುದ್ಧ ಮುಗಿದ ಮೇಲೆ ಶತ್ರುವಿನ ಸಾಮಾನಿನಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ, ಸೋತರೆ ಇರಲಿ ಎಂದು ರಾಜವಂಶದವರೂ ಅಧಿಕಾರಿಗಳೂ ಮಂಗೋಲರಿಗೆ ಗುಟ್ಟಾಗಿ ಬರೆದುಕೊಟ್ಟ ಶರಣಾಗತಿಯ ಓಲೆಗಳು. ಮಗನಿಗೆ ಪಟ್ಟ ಬಿಟ್ಟುಕೊಟ್ಟಿದ್ದ ಹಿರಿಯ ರಾಜ ಅವನ್ನು ಸುಟ್ಟುಬಿಡಲು ಹೇಳಿದ. ಅದೇ ಹೊತ್ತಿಗೆ, ಮೊದಲೇ ಶರಣಾದ ಎರಡು ಹಳ್ಳಿಗಳ ಜನರನ್ನು ಜೀತಕ್ಕೆ ಹಚ್ಚಿದರು. ಶರಣಾದ ಸಾಮಾನ್ಯ ಸೈನಿಕರು ಅರಮನೆ ಕಟ್ಟಲು ಮರ, ಕಲ್ಲು ಹೊತ್ತರು.

ಪೆಟ್ಟಿಗೆ ಉರಿಯುವಾಗ ಆ ಅಂಗಳದಲ್ಲಿ ಓಲೆ ಬರೆದವರೂ ನಿಂತಿದ್ದಿರಬೇಕು, ಬರೆಯದವರೂ ನಿಂತಿದ್ದಿರಬೇಕು. ಮರ ಹೊತ್ತು ಅದೇ ಅಂಗಳ ದಾಟಿದವನೊಬ್ಬ ಒಂದು ಕಾಲದಲ್ಲಿ ಗೂಟವನ್ನೂ ಹೊತ್ತವನಾಗಿದ್ದರೆ? ಇದು ನನ್ನ ಕಲ್ಪನೆ, ಬೇಕಾದರೆ ತೆಗೆದುಕೋ.

ಹಸ್ತಪ್ರತಿಯನ್ನು ನಾಳೆ ಕೊರಿಯರ್‌ಗೆ ಹಾಕುತ್ತೇನೆ. ಪೆನ್ಸಿಲಿನ ಗುರುತು ಮಸುಕಾಗಿದ್ದರೆ ಫೋನ್ ಮಾಡು, ಸಂಜೆ ಐದರ ಮೇಲೆ. ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಹಿರಿಯ ಗೆಳೆಯ