ಆ ರಾತ್ರಿ ನಮ್ಮ ಜೊತೆ ನಿಂತವರಿಗೆ

ನಮ್ಮ ಮನೆಯ ಹಾಲ್‌ಗೆ ರಾತ್ರಿ ಹೊತ್ತು ಬೆಂಕಿ ಬಿದ್ದಿತ್ತು. ಈಗ ನಾವೆಲ್ಲ ಕ್ಷೇಮವಾಗಿದ್ದೇವೆ. ಹಾಲ್‌ಗೆ ಹೊಸ ವೈರಿಂಗ್ ಆಗಿದೆ, ಗೋಡೆಗಳಿಗೆ ಬಣ್ಣ ಬಿದ್ದಿದೆ, ಕಳೆದ ವಾರ ಮನೆಗೆ ವಾಪಸ್ ಬಂದೆವು. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ನಾದಿನಿಗೆ. ಮೈಸೂರಿನಲ್ಲಿ ಈ ಹಳೆ ಮನೆ ಕೊಂಡು ಒಕ್ಕಲು ಬಂದಾಗ ನೆಂಟರೆಲ್ಲ ಗೋಡೆ ಗಡಿಯಾರ, ಬೆಳ್ಳಿ ಬಟ್ಟಲು ಕೊಟ್ಟರು. ಅವಳು ಎರಡು ಹೊಗೆ ಅಲಾರಂ ಕೊಟ್ಟಳು. ಗಾಢ ನಿದ್ದೆಯಲ್ಲಿ ಇರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಅಂತ ನಂಬಿ ಕೂರುವಂತಿಲ್ಲ. ಆ ಚೂಪಾದ ಕೂಗು ಬೇಕು. ಆ ರಾತ್ರಿ ನಮ್ಮನ್ನು ಎಬ್ಬಿಸಿದ್ದು ಅದೇ. ನಿನ್ನ ಋಣ ದೊಡ್ಡದು ಕಣೇ.

ಅವನ್ನು ಹಾಕಿಕೊಟ್ಟ ಎಲೆಕ್ಟ್ರಿಷಿಯನ್ ಅಣ್ಣನಿಗೂ ಅಷ್ಟೇ ಋಣಿ. ಒಂದನ್ನು ಅಡುಗೆಮನೆಗೆ ಹಾಕಿ ಅಂತ ನಮ್ಮ ಯಜಮಾನರು ಕೇಳಿದ್ದರು. ಅವರು ಒಪ್ಪಲಿಲ್ಲ. "ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತೆ ಸಾರ್, ಆಮೇಲೆ ನೀವೇ ಬ್ಯಾಟರಿ ಕಿತ್ತಿಡ್ತೀರ" ಅಂದರು. ಹಾಲ್‌ನ ಸೀಲಿಂಗ್‌ಗೆ ಒಂದು, ಮಲಗುವ ಕೋಣೆಗಳ ಮುಂದಿನ ಪ್ಯಾಸೇಜ್‌ಗೆ ಒಂದು ಹಾಕಿದರು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ, 10 ವರ್ಷ ಆದಮೇಲೆ ಇಡೀ ಅಲಾರಂ ಬದಲಾಯಿಸಿ ಅಂತ ಹೇಳಿ ಹೋದರು.

ಬೆಂಕಿ ಶುರುವಾಗಿದ್ದು ಫ್ರಿಜ್‌ನ ಸಾಕೆಟ್‌ನಲ್ಲಿ. ಒಳಗೆ ವೈರ್ ಹಿಡಿದಿರುವ ಸ್ಕ್ರೂ ಸಡಿಲವಾಗಿತ್ತಂತೆ. ಎಂಸಿಬಿ, ಅಂದರೆ ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಸ್ವಿಚ್, ಯಾಕೆ ಬೀಳಲಿಲ್ಲ ಅಂತ ತುಂಬಾ ಜನ ಕೇಳಿದ್ದೀರಿ. ನನಗೂ ಅದೇ ಪ್ರಶ್ನೆ ಇತ್ತು. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. ಆದರೆ ಸಡಿಲ ಜಾಯಿಂಟ್‌ನಲ್ಲಿ ಹರಿಯುವ ಕರೆಂಟ್ ಜಾಸ್ತಿ ಆಗುವುದೇ ಇಲ್ಲ, ಆ ಜಾಗ ಮಾತ್ರ ಬಿಸಿಯಾಗುತ್ತಾ ಹೋಗುತ್ತದೆ. ಪ್ಲಾಸ್ಟಿಕ್ ಕರಗಿ, ಕರ್ಟನ್‌ಗೆ ತಗಲಿ, ಅಲ್ಲಿಂದ ಸೋಫಾಗೆ ಹತ್ತಿತು.

ನಮ್ಮ ಅತ್ತೆಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಅಲಾರಂ ಕೂಗಿದರೂ ಮಲಗೇ ಇದ್ದರು. ಅವರನ್ನು ಎಬ್ಬಿಸಿ, "ಬಗ್ಗಿ ಬನ್ನಿ ಅಜ್ಜಿ, ಕೆಳಗೆ ಹೊಗೆ ಕಮ್ಮಿ" ಅಂತ ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋದವಳು ಏಳನೇ ಕ್ಲಾಸಿನ ನನ್ನ ಮಗಳು. ಹೋಗುವಾಗ ಕೋಣೆಗಳ ಬಾಗಿಲನ್ನೂ ಎಳೆದುಕೊಂಡು ಹೋಗಿದ್ದಳು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟವಾದಾಗ ಬೆಂಕಿ ಆರಿಸಲು ಹೋಗಿ ಪ್ರಾಣ ಕೊಟ್ಟವರ ನೆನಪಿಗೆ ಪ್ರತಿ ವರ್ಷ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದಲ್ಲ, ಅದರ ಬಗ್ಗೆ ಹೇಳಿ ಮಕ್ಕಳಿಂದ ಇದನ್ನೆಲ್ಲ ಮಾಡಿಸಿ ತೋರಿಸಿದವರು ಅವಳ ಟೀಚರ್. ಮೇಡಂ, ನಿಮಗೆ ನಮಸ್ಕಾರ. ಆ ಒಂದು ಪಿರಿಯಡ್ ನಮ್ಮ ಅತ್ತೆಯನ್ನು ಉಳಿಸಿತು.

ಪಕ್ಕದ ಮನೆ ಅಂಕಲ್ 112ಕ್ಕೆ ಫೋನ್ ಮಾಡಿದರು. ಹೊರಗಿನ ಮೀಟರ್ ಬೋರ್ಡ್‌ನಲ್ಲಿ ಮೇನ್ ಆಫ್ ಮಾಡಿದರು. ಯಾರೋ ಬಕೆಟ್ ನೀರು ತಂದಾಗ "ಕರೆಂಟ್ ಇರೋ ಕಡೆ ನೀರು ಬೇಡ" ಅಂತ ತಡೆದದ್ದೂ ಅವರೇ. ಮೇಲ್ಮನೆ ಅಕ್ಕ ಇಳಿದು ಬರುವ ಮೊದಲು ತಮ್ಮ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿ ಬಂದಿದ್ದರು. ನಮ್ಮ ಬೀದಿ ಎಷ್ಟು ಕಿರಿದು ಅಂತ ನಿಮಗೆ ಗೊತ್ತು. ಎರಡೂ ಬದಿ ಕಾರು, ಬೈಕು. ಮೂಲೆ ಮನೆಯ ಹುಡುಗರು ಬಾಗಿಲು ಬಾಗಿಲು ತಟ್ಟಿ, ಕೀ ತೆಗೆಸಿ, ಬೆಂಕಿ ಇಂಜಿನ್ ಬರುವಷ್ಟರಲ್ಲಿ ದಾರಿ ಬಿಡಿಸಿದ್ದರು. ಇದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಅಗ್ನಿಶಾಮಕ ಸಿಬ್ಬಂದಿಗೆ ಏನು ಹೇಳಲಿ? ಸೋಫಾದ ಫೋಮ್ ಉರಿದರೆ ಬರುವ ಹೊಗೆ ವಿಷ. ಅದರೊಳಗೆ ಅವರು ನಡೆದು ಹೋದರು. ಬೆಂಕಿ ಆರಿದ ಮೇಲೂ ಹೊರಡಲಿಲ್ಲ. ಗೋಡೆ, ಸೀಲಿಂಗ್ ಎಲ್ಲಾದರೂ ಒಳಗೆ ಬಿಸಿ ಉಳಿದಿದೆಯಾ ಅಂತ ಹುಡುಕಿದರು. ಬಾಗಿಲು ಮುಚ್ಚಿದ್ದರಿಂದಲೇ ಕೋಣೆಗಳು ಉಳಿದವು ಅಂತ ಮಗಳ ತಲೆ ಸವರಿದರು. ಅವಳ ಸ್ಕೂಲ್ ಬ್ಯಾಗನ್ನು ಹುಡುಕಿ ಕೈಗೆ ಕೊಟ್ಟರು.

ಆಮೇಲೆ ಊಟ ಕಳಿಸಿದವರು, ಹಾಸಿಗೆ ಕೊಟ್ಟವರು, ಮಸಿ ಹಿಡಿದ ಪಾತ್ರೆಗಳನ್ನು ಕೂತು ತಿಕ್ಕಿಕೊಟ್ಟ ಗೆಳತಿಯರು, ನಿಮ್ಮೆಲ್ಲರಿಗೂ ನಾವು ಚಿರಋಣಿ.

ಈಗ ಅಡುಗೆಮನೆಗೆ ಗ್ಯಾಸ್ ಅಲಾರಂ ಕೂಡ ಹಾಕಿಸಿದ್ದೇವೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಹಾಗಾಗಿ ಅದನ್ನು ಗೋಡೆಯ ಕೆಳಭಾಗದಲ್ಲಿ ಹಾಕಿದ್ದಾರೆ.

ಬರುವ ಭಾನುವಾರ ಅದೇ ಎಲೆಕ್ಟ್ರಿಷಿಯನ್ ಅಣ್ಣ ನಮ್ಮ ಬೀದಿಗೆ ಬರುತ್ತಿದ್ದಾರೆ. ಫ್ರಿಜ್, ಗೀಸರ್, ಎಸಿ ಸಾಕೆಟ್‌ಗಳನ್ನು ಬಿಚ್ಚಿ, ನೋಡಿ, ಸ್ಕ್ರೂ ಬಿಗಿ ಮಾಡಿಕೊಡುತ್ತಾರೆ. ಆ ದಿನದ ಅವರ ಕೂಲಿ ನಮ್ಮ ಕಡೆಯಿಂದ. ಬೇಕಾದವರು ಶನಿವಾರದೊಳಗೆ ನಮ್ಮ ಮನೆಗೆ ಬಂದು ಹೇಳಿ, ಕಾಫಿ ಕುಡಿದು ಹೋಗಿ.