ಗ್ಲೈಡರ್‌ಗೆ ವಿನಾಯಿತಿ ಕೊಡಿ, ಷರತ್ತನ್ನೂ ಬರೆದು ಕೊಡಿ

ಮೈಸೂರು–ಕೊಡಗು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ.

ಕೂಡಿಗೆಯಲ್ಲಿ ಏರ್‌ಸ್ಟ್ರಿಪ್ ಆಗಬೇಕೆಂಬ ಮಾತು ಆಗಾಗ ಏಳುತ್ತದೆ, ಮತ್ತೆ ಮಲಗುತ್ತದೆ. ಅದು ಆದಾಗ ಆಗಲಿ. ನಾನು ಕೇಳುತ್ತಿರುವುದು ಅಷ್ಟು ಖರ್ಚಿನ ಕೆಲಸವಲ್ಲ. ಹವ್ಯಾಸಕ್ಕೆ ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ಗಾಳಿಯ ಮೇಲೆ ತೇಲುವ ವಿಮಾನ, ಹಾರಿಸುವವರು ಯಾವ ಉಪಕರಣ ಇಟ್ಟುಕೊಳ್ಳಲೇಬೇಕು, ಯಾವುದಕ್ಕೆ ವಿನಾಯಿತಿ ಎನ್ನುವ ವಿಚಾರ. 2022ರ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಗ್ಲೈಡಿಂಗ್, ಪ್ಯಾರಾಗ್ಲೈಡಿಂಗ್, ಮೈಕ್ರೋಲೈಟ್ ಎಲ್ಲವನ್ನೂ ಸೇರಿಸಿಕೊಂಡು, ಸುರಕ್ಷತಾ ಮಾನದಂಡದ ಹೊಣೆಯನ್ನು ಆಯಾ ಕ್ರೀಡೆಯ ರಾಷ್ಟ್ರೀಯ ಸಂಘಗಳಿಗೆ ವಹಿಸಿದೆ. ಆ ಮಾನದಂಡ ಬರೆಯುವವರ ಕಿವಿಗೆ ಕೊಡಗಿನ ಸಂಗತಿಯೂ ಬೀಳಲಿ.

ವಾಯುಪಡೆಯಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು ನಾನು. ಹಾಗಾಗಿ ಟ್ರಾನ್ಸ್‌ಪಾಂಡರ್‌ನಿಂದಲೇ ಶುರು ಮಾಡುತ್ತೇನೆ. ನೆಲದ ರೇಡಾರ್ ಕೇಳಿದಾಗ ‘ಇಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ’ ಎಂದು ಉತ್ತರಿಸುವ ಪೆಟ್ಟಿಗೆ ಅದು. ದೊಡ್ಡ ವಿಮಾನದಲ್ಲಿ ಅದಕ್ಕೆ ಕರೆಂಟು ಎಂಜಿನ್ನಿನಿಂದ ಬರುತ್ತದೆ. ಗ್ಲೈಡರ್‌ನಲ್ಲಿ ರೇಡಿಯೋ, ಏರುವ-ಇಳಿಯುವ ವೇಗ ತೋರಿಸುವ ವೇರಿಯೋಮೀಟರ್ ಎಲ್ಲವೂ ಸಾಮಾನ್ಯವಾಗಿ ಒಂದು 12 ವೋಲ್ಟ್ ಬ್ಯಾಟರಿಯನ್ನೇ ನಂಬಿಕೊಂಡಿರುತ್ತವೆ. ಅದಕ್ಕೇ ಅಮೆರಿಕದ ನಿಯಮ ಗ್ಲೈಡರ್‌ಗಳಿಗೆ ಟ್ರಾನ್ಸ್‌ಪಾಂಡರ್‌ನಿಂದ ವಿನಾಯಿತಿ ಕೊಟ್ಟಿತು. 2006ರ ಆಗಸ್ಟ್ 28ರಂದು ನೆವಾಡಾದಲ್ಲಿ, ಸುಮಾರು 16,000 ಅಡಿ ಎತ್ತರದಲ್ಲಿ, ಬಿಸಿನೆಸ್ ಜೆಟ್ಟೊಂದು ಗ್ಲೈಡರ್‌ಗೆ ಗುದ್ದಿತು. ಆ ಗ್ಲೈಡರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು! ಬ್ಯಾಟರಿ ಉಳಿಸಲೆಂದು ಆಫ್ ಮಾಡಿದ್ದರು. ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದರು, ಜೆಟ್ ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಇಳಿಯಿತು, ಎಲ್ಲರೂ ಬದುಕಿದರು. 2008ರಲ್ಲಿ ಅಲ್ಲಿನ ತನಿಖಾ ಮಂಡಳಿ ಈ ವಿನಾಯಿತಿಯನ್ನೇ ತೆಗೆಯಿರಿ ಎಂದು ಶಿಫಾರಸು ಮಾಡಿತು.

ಪೂರ್ತಿ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಕೋವಿಗೆ ಲೈಸನ್ಸ್ ವಿನಾಯಿತಿ ಇರುವ ಜಿಲ್ಲೆ ನಮ್ಮದು. ಆದರೂ ವಿನಾಯಿತಿ ಪತ್ರ ಇಟ್ಟುಕೊಂಡಿರಬೇಕು. ಗ್ಲೈಡರ್‌ಗೂ ಹಾಗೇ ಆಗಲಿ. ಪಕ್ಕದ ಕಣ್ಣೂರಿನಲ್ಲಿ 2018ರಿಂದ ದೊಡ್ಡ ವಿಮಾನಗಳು ಏರಿಳಿಯುತ್ತಿವೆ. ಆ ದಾರಿಯ ಹತ್ತಿರ ಹೋಗುವವರಿಗೆ ಟ್ರಾನ್ಸ್‌ಪಾಂಡರ್ ಕಡ್ಡಾಯ ಮಾಡಿ, ಆನ್ ಇರಬೇಕೆಂದೂ ಬರೆಯಿರಿ. ದೂರದಲ್ಲಿ ಗುಡ್ಡದ ಸಾಲು ಹಿಡಿದು ಹಾರುವವರಿಗೆ ಹತ್ತಿರ ಬಂದ ಇನ್ನೊಂದು ಗ್ಲೈಡರ್ ಬಗ್ಗೆ ಎಚ್ಚರಿಸುವ, ಕಡಿಮೆ ಕರೆಂಟು ತಿನ್ನುವ ಫ್ಲಾರ್ಮ್‌ನಂಥ ಎಚ್ಚರಿಕೆ ಸಾಧನ ಸಾಕು. ಪ್ಯಾರಾಚೂಟ್ ಮಾತ್ರ ಎಲ್ಲರಿಗೂ.

ಆಕ್ಸಿಜನ್ ವಿಷಯ ಇಲ್ಲಿ ದೊಡ್ಡದಲ್ಲ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳೇ 1,748 ಮೀಟರ್. ಹಿಮಾಲಯಕ್ಕೆ ಬೇಕಾದ ಸಿಲಿಂಡರನ್ನು ಮಡಿಕೇರಿಯಲ್ಲಿ ಹಾರುವವನ ಹೆಗಲಿಗೆ ಹಾಕಬೇಡಿ.

ನಮ್ಮ ತಾಪತ್ರಯ ಇಳಿಯುವುದರಲ್ಲಿದೆ. ಗಾಳಿ ಕೈಕೊಟ್ಟರೆ ಕೆಳಗೆ ತೋಟ. ತೋಟದ ತುಂಬ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು. ಉಳಿದದ್ದು ಗದ್ದೆ. ಅದೂ ಪುತ್ತರಿ ಹಬ್ಬ ಕಳೆದು, ಕೊಯ್ಲು ಮುಗಿದು, ಮಣ್ಣು ಒಣಗಿದ ಮೇಲೆ, ಬದು ತಪ್ಪಿಸಿಕೊಂಡು ಇಳಿಯಬೇಕು. ಮರದ ತುದಿಯಲ್ಲಿ ಸಿಕ್ಕಿಬಿದ್ದವನನ್ನು ಹುಡುಕಲು ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯೊಳಗೇ ಸಿಗುವುದಿಲ್ಲ ಬಿಡಿ. 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ. ಭಾರತದಲ್ಲಿ ಆ ಸುದ್ದಿ ಬಂದು ಸೇರುವುದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ. ಮಲೆನಾಡಿನ ಮೇಲೆ ಹಾರುವವರಿಗೆ ಇದನ್ನು ಕಡ್ಡಾಯ ಮಾಡಿ.

ತಾವು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ನಾಗರಿಕ ವಿಮಾನಯಾನ ಸಚಿವರ ಮುಂದಿಡಬೇಕು. ಬಂದ ಉತ್ತರದ ಕನ್ನಡ ಪ್ರತಿಯನ್ನು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೂ ಕಳಿಸಿಕೊಡಿ. ಅಪಘಾತವಾದ ಮರುದಿನ ಎಲ್ಲ ಹಾರಾಟಕ್ಕೂ ಬೀಗ ಜಡಿಯುವ ಬದಲು, ಯಾರ ಬಳಿ ಏನಿತ್ತು, ಏನಿರಲಿಲ್ಲ ಎಂದು ಜಿಲ್ಲಾಧಿಕಾರಿಗಳು ಆ ಉತ್ತರ ಹಿಡಿದು ಕೇಳಬಹುದು.

ಇಂತಿ ತಮ್ಮ ವಿಶ್ವಾಸಿ,
ಪೊನ್ನಂಪೇಟೆ ಕಡೆಯ ಒಬ್ಬ ಮತದಾರ